ತೆಳ್ಳಗಿನ ಕೊಳವೆಗಾಗಿ ಕಾದ ದಿನಗಳು

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ನಾನು ಮುಳಬಾಗಿಲಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಶನಿವಾರ ಪಾಠ ಮುಗಿದೊಡನೆ ದೇವರಾಯಸಮುದ್ರಕ್ಕೆ, ನನ್ನನ್ನು ಸಾಕಿದ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ. ಎಪ್ಪತ್ತೆಂಟರ ಆಕೆ ಇನ್ನೂ ರೇಷ್ಮೆಹುಳು ಸಾಕುತ್ತಿದ್ದಳು. ತಟ್ಟೆಗಳಿಗೆ ಸೊಪ್ಪು ಹಾಕಿದರೆ ಹುಳುಗಳು ಮೇಯುವ ಸಣ್ಣ ಸರಸರ ಸದ್ದೇಳುತ್ತಿತ್ತು. ಆ ಸದ್ದಿಗೆ ಮನೆಯೇ ತೂಕಡಿಸುತ್ತಿದೆ ಅನ್ನಿಸುತ್ತಿತ್ತು.

ಒಂದು ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದವಳು ನನ್ನ ತೋಳು ಹಿಡಿದು ಹಾಗೇ ಕುಸಿದಳು. ಕಣ್ಣು ಬಿಟ್ಟಾಗ, "ಏನಿಲ್ಲ ಕಣೇ, ನೀರೆಲ್ಲಾ ಬೆಳ್ಳಗಾಗೋಯ್ತು," ಎಂದಳು.

ಕೋಲಾರದಲ್ಲಿ ಪರೀಕ್ಷೆ ಮಾಡಿದರು. ಹೃದಯದಿಂದ ಮೈಗೆ ರಕ್ತ ಹೊರಡುವ ಕವಾಟ ಸುಣ್ಣಗಟ್ಟಿ, ಬಿರುಕಿನಷ್ಟೇ ತೆರೆಯುತ್ತಿತ್ತು. ಎದೆ ಸೀಳುವ ಆಪರೇಷನ್ನನ್ನು ಈ ವಯಸ್ಸಿನಲ್ಲಿ ತಡೆದುಕೊಳ್ಳಲಾರಳು ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ತೊಡೆಯ ರಕ್ತನಾಳದಲ್ಲಿ ಕೊಳವೆ ತೂರಿಸಿ, ಮುದುಡಿಸಿದ ಕವಾಟವನ್ನು ಹೃದಯದವರೆಗೆ ಒಯ್ದು ಅಲ್ಲೇ ಅರಳಿಸುವ ಹೊಸ ವಿಧಾನವೊಂದು ಬಂದಿದೆಯಂತೆ. ಮಾದರಿಯೊಂದನ್ನು ಮೇಜಿನ ಮೇಲಿಟ್ಟರು: ಉಕ್ಕಿನ ಜಾಲರಿ, ಒಳಗೆ ಕೆನೆಬಣ್ಣದ ಮೂರು ಎಸಳು.

"ಈ ಎಸಳು ಯಾತರದು ಸಾಮಿ?" ದೊಡ್ಡಮ್ಮ ಕೇಳಿದಳು.

ಡಾಕ್ಟರು ಮುಚ್ಚಿಡಲಿಲ್ಲ. "ಹಸುವಿನ ಹೃದಯದ ಸುತ್ತ ಇರೋ ಪೊರೆ, ಅಮ್ಮ."

"ಆ ಹಸು ಬದುಕೈತಾ?"

"ಇಲ್ಲ."

ಊರು ತಲುಪುವವರೆಗೂ ಆಕೆ ಬಸ್ಸಿನ ಕಿಟಕಿಯಾಚೆ ಮೇಯುವ ಹಸುಗಳನ್ನೇ ನೋಡುತ್ತಿದ್ದಳು. ಬೇಡವೆನ್ನುತ್ತಾಳೆಂದೇ ನಾನು ತಿಳಿದೆ. ಆದರೆ ಅದಕ್ಕೂ ಮೊದಲು ಸ್ಕ್ಯಾನ್ ಬೇಡವೆಂದಿತು. "ಈ ಮೊದಲ ತಲೆಮಾರಿನ ಕೊಳವೆ ಕಿರುಬೆರಳಷ್ಟು ದಪ್ಪ," ಎಂದರು ಡಾಕ್ಟರು. "ಇವರ ನಾಳ ಅದಕ್ಕಿಂತ ಸಣ್ಣದು, ಹರಿದುಹೋಗುತ್ತೆ. ಮುಂದಿನದು ತೆಳ್ಳಗಾಗಿ ಬರ್ತಿದೆ. ಕಾಯೋಣ."

ಒಂದೂವರೆ ವರ್ಷ ಕಾದೆವು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಆಕೆ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಧ್ಯಾಹ್ನದ ಬಿಸಿಲು ಗೋಡೆಯಿಂದ ಗೋಡೆಗೆ ಸರಿಯುತ್ತಿತ್ತು. ಎಚ್ಚರವೋ ಕನಸೋ ತಿಳಿಯದಂತೆ ಆಕೆ ಸತ್ತ ತಂಗಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಪಾದ ಒತ್ತುತ್ತ ಕೂತ ನನಗೂ ಜೊಂಪು ಹತ್ತುತ್ತಿತ್ತು. ಹಾಗೊಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹೇಳಿದಳು:

"ಪೋನೀಲೇ, ಹೋಗ್ಲಿ ಬಿಡು, ಹಾಕಿಸ್ಕೊಳ್ತೀನಿ. ಎಷ್ಟು ಲಕ್ಷ ಹುಳಾನ ಬಿಸಿನೀರಿಗೆ ಕಳಿಸ್ದೆ ನಾನು. ಅವನ್ನ ಯಾವತ್ತೂ ಕೇಳ್ಲಿಲ್ಲ. ಈಗ ಹಸುನ ಮುಂದೆ ಮಾಡಿ ತಪ್ಪಿಸ್ಕೊಂಡ್ರೆ ಸರಿಯಾ?"

ನಾನು ಪಾದ ಒತ್ತುತ್ತಲೇ ಇದ್ದೆ.

ಎರಡನೆಯ ತಲೆಮಾರಿನದು ಬಂದಾಗ ಡಾಕ್ಟರು ಕರೆಸಿ, ಎರಡೂ ಕೊಳವೆಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದರು. ಹೊಸದು ಪೆನ್ಸಿಲ್ಲಿಗಿಂತ ಸಣ್ಣದು. ಜಾಲರಿಯ ಲೋಹವೂ ಬೇರೆ, ಕಡ್ಡಿಗಳು ತೆಳು, ಆದರೂ ಗಟ್ಟಿ. ಎಸಳು ಮಾತ್ರ ಅದೇ ಪೊರೆ.

ಕವಾಟ ಹಾಕುವ ದಿನ ಆಪರೇಷನ್ ಕೋಣೆಯೊಳಗೆ ಆಕೆಗೆ ಅರೆ ಎಚ್ಚರವಿತ್ತಂತೆ. ಕವಾಟ ಅರಳಿಸುವಾಗ ಅದು ಕದಲದಿರಲೆಂದು ಕೆಲವು ಕ್ಷಣ ಹೃದಯವನ್ನು ವಿಪರೀತ ವೇಗವಾಗಿ ಬಡಿಯುವಂತೆ ಮಾಡುತ್ತಾರೆ. ಆಗ ನಾಡಿ ಇಲ್ಲವೆನ್ನುವಷ್ಟು ಕ್ಷೀಣವಾಗುತ್ತದೆ. "ಆವಾಗ ಎಲ್ಲೂ ಇರ್ಲಿಲ್ಲ ಕಣೇ ನಾನು," ಎಂದಳು ವಾರ್ಡಿನಲ್ಲಿ. "ಭಯಾನೂ ಇರ್ಲಿಲ್ಲ." ವರ್ಷಗಳಿಂದ ತಣ್ಣಗಿದ್ದ ಅವಳ ಪಾದ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು.

ಕವಾಟದ ಅಂಚಿನಲ್ಲಿ ಸ್ವಲ್ಪ ರಕ್ತ ಸೋರುವುದು ಉಳಿಯಿತು. ಅದರೊಂದಿಗೇ ಆಕೆ ನಾಲ್ಕು ವರ್ಷ ಬದುಕಿದಳು. ಮಾಲೂರಿನ ನೆಂಟರ ಮನೆಗೆ ಒಬ್ಬಳೇ ಬಸ್ಸು ಹತ್ತಿ ಹೋಗಿಬಂದಳು. ಹುಳು ಸಾಕುವುದನ್ನು ಮಾತ್ರ ಬಿಟ್ಟಳು, ಕಾರಣ ಹೇಳಲಿಲ್ಲ. ಕೊನೆಗೆ ಒಂದು ಚಳಿಗಾಲ ನ್ಯುಮೋನಿಯಾ ಬಂದು ತೀರಿಹೋದಳು.

ಆಮೇಲೊಮ್ಮೆ ಡಾಕ್ಟರು ಸಿಕ್ಕಾಗ ಮೂರನೆಯ ತಲೆಮಾರಿನದನ್ನು ನನ್ನ ಕೈಗಿಟ್ಟರು. ಸೋರದಂತೆ ಅದರ ಹೊರಗೆ ಬಟ್ಟೆಯ ಪಟ್ಟಿ ಸುತ್ತಿದ್ದರು. "ಅವರಿಗೆ ಇದು ಸಿಗಬೇಕಿತ್ತು," ಎಂದರು.

"ಅವಳಿಗೆ ಸಿಕ್ಕಿದ್ದು ಸಾಕಾಯ್ತು, ಡಾಕ್ಟ್ರೇ," ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು.