ಅಕ್ಕಿಯ ಮೇಲೆ ಬರೆದ ಹೆಸರಿಗೆ ಅಡಿಟಿಪ್ಪಣಿ

ನನ್ನ ಗೈಡ್ ಮಹಾಶಯರಿಗೆ ಬಳಚಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಅಲ್ಪವಿರಾಮದ ಬಗ್ಗೆ ಎಲ್ಲ ಗೊತ್ತಿತ್ತು. ಕಾಳಿ ನದಿಯ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರ ಕುರಿತು ನಾನು ಪಿಎಚ್.ಡಿ. ಮಾಡುತ್ತಿದ್ದೆ. ಗೈಡ್ ತಿದ್ದುತ್ತಿದ್ದದ್ದು ಕೊನೆಯ ಪುಟಗಳಲ್ಲಿದ್ದ ಗ್ರಂಥಋಣವನ್ನು ಮಾತ್ರ. ಮೊದಲು ಅಡ್ಡಹೆಸರು, ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು, ಇಸವಿ. “ಹೆಸರು ತಪ್ಪಿದರೆ ವಿದ್ವತ್ತೇ ತಪ್ಪಿದಂತೆ” ಎಂದು ಎದುರಿನ ಚಾ ಆರಿಹೋಗುವ ತನಕ ಹೇಳುತ್ತಿದ್ದರು.

ಇಷ್ಟು ಶಿಸ್ತಿನ ಲೋಕಕ್ಕೆ ನಾನು ಎರಡೆರಡು ಹೆಸರು ಹೊತ್ತು ಹೋಗಿದ್ದೆ. ಬೆಳಂಬಾರದ ತವರಿನಲ್ಲಿದ್ದಾಗ, ಎಂ.ಎ. ಮುಗಿಸಿದ ಹುರುಪಿನಲ್ಲಿ, ಇದೇ ಹೆಂಗಸರ ಮೇಲೆ ಒಂದು ಲೇಖನ ಬರೆದಿದ್ದೆ. ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚೂ ಆಗಿತ್ತು. ಆಮೇಲೆ ಮದುವೆಯಾಗಿ ಕಿನ್ನರಕ್ಕೆ ಬಂದೆ. ಗಂಡನ ಮನೆಯ ಪದ್ಧತಿಯಂತೆ ಹರಿವಾಣದಲ್ಲಿ ಅಕ್ಕಿ ಹರಡಿದರು, ಪತಿರಾಯರು ಉಂಗುರದಿಂದ ಅದರ ಮೇಲೆ ನನ್ನ ಹೊಸ ಹೆಸರು ಬರೆದರು. ಅಡ್ಡಹೆಸರಿನ ಜೊತೆಗೆ ಅಪ್ಪ ಇಟ್ಟ ಹೆಸರೂ ಹೋಯಿತು. ನಾದಿನಿಯರು ಚಪ್ಪಾಳೆ ತಟ್ಟಿದರು. ಆ ಅಕ್ಕಿ ಮರುದಿನ ಪಾಯಸವಾಯಿತು. ಹೆಸರು ಮಾತ್ರ ಆಧಾರ್, ಪ್ಯಾನು, ಬ್ಯಾಂಕು ಎಲ್ಲ ಕಡೆ ಏರಿತು. ಕುಡಿದ ಲೋಟ ಎತ್ತಿಡದ ನನ್ನ ಪತಿರಾಯರು ಈ ಒಂದು ಕೆಲಸಕ್ಕೆ ಕಾರವಾರದ ಕಚೇರಿಗಳನ್ನೆಲ್ಲ ಸುತ್ತಿ ಬಂದರು.

ನಾನು ಮುಖ ಊದಿಸಿಕೊಂಡದ್ದು ನೋಡಿ ಅತ್ತೆ ಕೇಳಿದರು, “ಎಂತಕೆ ಮಂಡೆಬಿಸಿ ಮಾಡ್ಕಂತೀ ಗೋ? ನಂದೂ ಬದ್ಲಾಗಿತ್ತು. ನಾ ಏನ್ ಸತ್ತೋದ್ನಾ?”

“ನಿಮ್ಮ ಮೊದಲಿನ ಹೆಸರು ಎಂತದು ಅತ್ತೆ?”

“ಈಗ ಅದ್ರಲ್ಲಿ ಕರೂಕೆ ಯಾರಿದ್ದಾರೆ, ಬಿಡು” ಎಂದು ತೆಂಗಿನಕಾಯಿ ತುರಿಯಲು ಕೂತರು.

ಪ್ರಬಂಧ ಸಲ್ಲಿಸುವ ಮುಂಚೆ ಕೃತಿಚೌರ್ಯ ಪತ್ತೆಹಚ್ಚುವ ಕಂಪ್ಯೂಟರ್ ಪರೀಕ್ಷೆಯೊಂದು ಇರುತ್ತದೆ. ನನ್ನ ಮೂರನೆಯ ಅಧ್ಯಾಯ ಅದರಿಂದ ಕೆಂಪುಕೆಂಪಾಗಿ ಹೊರಬಂತು. ನಾನು ಬೆಳಂಬಾರದ ಯಾವಳೋ ಹುಡುಗಿಯ ಲೇಖನ ಕದ್ದಿದ್ದೇನಂತೆ!

“ಅವಳು ನಾನೇ ಸರ್” ಎಂದೆ ಗೈಡ್ ಹತ್ತಿರ.

“ನಿಮ್ಮ ಆಧಾರ್ ಹಾಗೆ ಹೇಳೂದಿಲ್ವಲ್ಲಮ್ಮ.”

ಮದುವೆಯ ಕಾಗದ ಒಯ್ದು ತೋರಿಸಿದೆ. ಉಲ್ಲೇಖದ ನಿಯಮದಲ್ಲಿ ಲಗ್ನಪತ್ರಿಕೆಗೆ ಜಾಗವಿಲ್ಲ ಎಂದರು. “ರಗಳೆ ಎಂತಕೆ? ಅವರು ಬೇರೆ ವಿದ್ವಾಂಸೆ ಅಂದ್ಕಂಡು ಹೆಸರು ಹಾಕಿ, ಅವರು ಹೀಗೆ ಹೇಳ್ತಾರೆ ಅಂತ ಬರೀರಿ. ಇಲ್ದಿದ್ರೆ ಪ್ರಬಂಧ ವಾಪಸ್ ಬರ್ತದೆ.”

ಸಿಟ್ಟು ನೆತ್ತಿಗೇರಿತು. ನನ್ನ ಮಾತನ್ನು ನನ್ನದು ಎನ್ನಲು ನನಗೇ ಹಕ್ಕಿಲ್ಲವೇ? ಆದರೆ ಪದವಿ ತಪ್ಪಿದರೆ ಅಂಕೋಲೆಯ ಕಾಲೇಜಿನಲ್ಲಿದ್ದ ಅತಿಥಿ ಉಪನ್ಯಾಸಕಿಯ ಕೆಲಸ ಜನ್ಮಪೂರ್ತಿ ಅತಿಥಿಯಾಗಿಯೇ ಉಳಿಯುತ್ತಿತ್ತು. ಬರೆದೆ. “ಕುಮಾರಿ ಇಂಥವರು ಹೀಗೆ ಅಭಿಪ್ರಾಯಪಡುತ್ತಾರೆ, ಇದನ್ನು ಒಪ್ಪಬಹುದು.” ಎಲ್ಲವನ್ನೂ ಒಪ್ಪಿದರೆ ಸಂಶೋಧನೆ ಅನ್ನಿಸುವುದಿಲ್ಲ ಎಂದು ಗೈಡ್ ಗೊಣಗಿದರು. ಹಾಗಾಗಿ ಒಂದು ಕಡೆ “ಇವರ ವಾದಕ್ಕೆ ಇನ್ನಷ್ಟು ಪ್ರಬುದ್ಧತೆ ಬೇಕಿತ್ತು” ಎಂದೂ ಬರೆದೆ. ಗೈಡ್ ಖುಷಿಯಿಂದ ಅದರ ಮುಂದೆ ಒಂದು ಅಲ್ಪವಿರಾಮ ಹಾಕಿದರು.

ಮೌಖಿಕ ಪರೀಕ್ಷೆಗೆ ದೂರದ ಊರಿನಿಂದ ಪರೀಕ್ಷಕರೊಬ್ಬರು ಬಂದರು. ಪ್ರಬಂಧ ಮಗುಚಿ ಹಾಕುತ್ತ ಹೇಳಿದರು, “ನಿಮ್ಮದು ಪರವಾಗಿಲ್ಲಮ್ಮ, ಪಾಸು ಮಾಡೋಣ. ಆದರೆ ನೀವು ಹೆಸರಿಸಿದ್ದೀರಲ್ಲ, ಆ ಹುಡುಗಿಯ ಲೇಖನ ತರಿಸಿ ಓದಿದೆ. ಏನು ಧೈರ್ಯ, ಏನು ಮಾತು! ಆ ಖಾರ ನಿಮ್ಮ ಬರವಣಿಗೆಯಲ್ಲಿಲ್ಲ. ಆಮೇಲೆ ಆಕೆ ಒಂದಕ್ಷರ ಬರೆದಂತಿಲ್ಲ. ಈಗ ಎಲ್ಲಿದ್ದಾಳೆ?”

ಗೈಡ್ ಕೆಮ್ಮಿದರು.

“ಮದುವೆಯಾಯ್ತು ಸರ್” ಎಂದೆ. “ಕಿನ್ನರಕ್ಕೆ ಕೊಟ್ಟಿದ್ದಾರೆ.”

“ಛೆ, ಛೆ. ಹಾಗಾದರೆ ಮುಗೀತು ಬಿಡಿ” ಎಂದು ಅವರು ಪೆನ್ನು ತೆಗೆದು ನನ್ನ ಹೊಸ ಹೆಸರಿನ ಕೆಳಗೆ ಸಹಿ ಹಾಕಿದರು.