ಅಷ್ಟೂ ಅಕಲ ಬ್ಯಾಡೇನು?

ಐವತ್ತರ ದಶಕದಲ್ಲಿ ಬಾದಾಮಿಯಿಂದ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದೆ. ಮೊದಲ ತಿಂಗಳಲ್ಲೇ ಅತ್ತೆಗೆ ಜ್ವರ ಬಂತು. "ಯಾರಿಗೂ ಹೇಳಬ್ಯಾಡ, ಮಗ್ಗದ ಕೆಲಸ ನಿಲ್ಲತೈತಿ" ಎಂದರು. ಹೇಳಲಿಲ್ಲ. ಮೂರನೇ ದಿನ ಅವರು ಹಿತ್ತಲಲ್ಲಿ ತಲೆಸುತ್ತಿ ಬಿದ್ದರು.

"ಹೇಳಬ್ಯಾಡ ಅಂದ್ರ ಹೇಳೂದ ಇಲ್ಲೇನು? ಅಷ್ಟೂ ಅಕಲ ಬ್ಯಾಡೇನು?" ಎಂದು ಮಾವ ಗದರಿದರು. ಹಾಸಿಗೆಯಲ್ಲಿದ್ದ ಅತ್ತೆಯೂ ಹೌದೆಂಬಂತೆ ತಲೆಯಾಡಿಸಿದರು. ಬೇಡವೆಂದವರು ಅವರೇ ಅಲ್ಲವೇ? ಅವರು ಹೇಳುವ ಅಕಲು, ಆ ಬುದ್ಧಿ, ಎಂಥದ್ದೋ ತಿಳಿಯಲಿಲ್ಲ. ಇನ್ನು ಮುಂದೆ ಏನನ್ನೂ ಮುಚ್ಚಿಡಬಾರದು ಎಂದುಕೊಂಡೆ.

ಆ ವರ್ಷವೇ ನಾದಿನಿಯನ್ನು ನೋಡಲು ಹುನಗುಂದದ ಬೀಗರು ಬಂದರು. ಪಡಸಾಲೆಯಲ್ಲಿ ಅವರು ಚಹಾ ಕುಡಿಯುತ್ತಿದ್ದರೆ, ಒಳಗೆ ಹುಡುಗಿ ಹೊಟ್ಟೆ ಹಿಡಿದು ಬೆವರುತ್ತಿದ್ದಳು. ಅತ್ತೆ ಅಜವಾನದ ನೀರು ಕುಡಿಸಿ, "ಅವರು ಹೋಗೂತನಕ ತಡಕೊ" ಎಂದರು.

"ವೈನಿ, ಆಗವಲ್ದು" ಎಂದು ಅವಳು ನನ್ನ ಸೆರಗು ಹಿಡಿದಳು.

ಹಿತ್ತಲ ಬಾಗಿಲಿನಿಂದ ಓಡಿ ಡಾಕ್ಟರನ್ನು ಕರೆದೆ. ಅವರು ಚೀಲ ಹಿಡಿದು ಬಂದದ್ದು ಮುಂಬಾಗಿಲಿನಿಂದ, ಬೀಗರ ಮುಂದೆಯೇ. ಚಹಾ ಅರ್ಧಕ್ಕೆ ಬಿಟ್ಟು ಬೀಗರು ಎದ್ದು ಹೋದರು. ಡಾಕ್ಟರು, "ಕರುಳು ಬಾತೈತಿ, ಇವತ್ತ ಆಪರೇಷನ್ ಆಗಬೇಕು" ಎಂದರು. ಬಾಗಲಕೋಟೆಗೆ ಹೊರಟ ಬಸ್ಸಿನಲ್ಲಿ ಅಮೀನಗಡ ದಾಟುವವರೆಗೂ ಮಾವ ನನ್ನತ್ತ ತಿರುಗಲಿಲ್ಲ. ಆಮೇಲೆ, "ಮಂದಿ ಮುಂದ ಮಾನ ಕಳದಿ. ಒಂದೀಟೂ ಅಕಲ ಇಲ್ಲ ನಿನಗ" ಎಂದರು. ನಾದಿನಿಯ ತಲೆ ನನ್ನ ತೊಡೆಯ ಮೇಲಿತ್ತು. ಅಳಬೇಕೋ ಬೇಡವೋ ಗೊತ್ತಾಗಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಮಾಡಿದವರು, ಇನ್ನರ್ಧ ದಿನ ತಡವಾಗಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದರು. ಮಾತಾಡಿಸಲು ಬಂದ ಬಂಧುಗಳೆದುರು ಮಾವ, "ನಮ್ಮ ಸೊಸಿಗೆ ಅಕಲ ಭಾಳ" ಎಂದದ್ದು ನನ್ನ ಕಿವಿಗೆ ಬಿತ್ತು.

ಸಂತೋಷವಾಗಬೇಕಿತ್ತು. ಬೈಸಿಕೊಂಡದ್ದೂ ಹೊಗಳಿಸಿಕೊಂಡದ್ದೂ ಒಂದೇ ಕೆಲಸಕ್ಕೆ. ಆ ನೋವು ಬರೀ ವಾಯುವಾಗಿದ್ದರೆ? ಆಗ ಅಕಲಿಲ್ಲದವಳಾಗಿಯೇ ಉಳಿಯುತ್ತಿದ್ದೆ. ಹಾಗಾದರೆ ಆ ಅಕಲು ನನ್ನಲ್ಲಿತ್ತೋ, ಅವಳ ಕರುಳಿನಲ್ಲಿತ್ತೋ?

ಆರು ತಿಂಗಳ ಮೇಲೆ ನಾದಿನಿಗೆ ಇನ್ನೊಂದು ಸಂಬಂಧ ಬಂತು. ಆ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ಇವತ್ತರ ಸ್ವಲ್ಪ ತಿಳಕೊಂಡು ನಡಿಯವಾ."

"ಹಂಗಂದ್ರ ಏನ ಮಾಡ್ಲಿರಿ ಅತ್ತಿ?"

ಅವರು ಚಹಾದ ಪಾತ್ರೆಗೆ ನೀರು ತುಂಬಿದರು.

"ನನಗೂ ತಿಳೀವಲ್ದು" ಎಂದರು. "ಮೊದಲ ಒಲಿ ಹೊತ್ತಿಸು."