ಸತ್ತವರಿಗೊಂದು ಮಾತು

ಹರಿಹರದಲ್ಲಿ ಕಾಲೇಜು ಮೇಷ್ಟ್ರಾಗಿರುವ ನನ್ನ ಗೆಳೆಯನೇ ನಮಗೆ ಆ ಆಟದ ಹುಚ್ಚು ಹಚ್ಚಿದ್ದು. ಭಾನುವಾರ ಮಧ್ಯಾಹ್ನ ಅವನೂ ಅವನ ಅಕ್ಕನೂ ಬಸ್ಸು ಹತ್ತಿ ದಾವಣಗೆರೆಗೆ, ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬರುತ್ತಿದ್ದರು. ಊಟದ ಮೇಜು ಒರೆಸಿ ನಾನು, ನನ್ನ ಹೆಂಡತಿ, ಅಕ್ಕ ಒಂದು ಕಡೆ ಕೂರುತ್ತಿದ್ದೆವು. ಎದುರಿಗೆ ಅವನು, ಕಥೆ ನಡೆಸುವವನು. ಪಾಳುಕೋಟೆ, ಅದರ ಕೆಳಗಿನ ಸುರಂಗ, ಅಲ್ಲಿ ಅಡಗಿರುವ ರಾಕ್ಷಸರು ಎಲ್ಲ ಅವನ ಬಾಯಲ್ಲೇ ಹುಟ್ಟಬೇಕು. ನಾವು ಮೂವರೂ ಒಂದೊಂದು ಪಾತ್ರವಾಗಿ ಆ ಕತ್ತಲೊಳಗೆ ಇಳಿಯುವವರು. "ಬಾಗಿಲು ತೆಗೀತೀನಿ" ಅಂದರೆ ಮುಂದೇನಾಯಿತೆಂದು ಅವನು ಹೇಳುತ್ತಿದ್ದ. ಅನುಮಾನ ಬಂದಲ್ಲಿ ದಾಳ ಹೇಳುತ್ತಿತ್ತು.

ಆಟದ ಪುಸ್ತಕ ಹಳೇದು. ಅದರ ನಿಯಮಗಳಲ್ಲಿ ಅರ್ಧ ನಮಗೆ ಹಿಡಿಸಲಿಲ್ಲ, ಜಗಳಾಡಿ ನಮ್ಮ ಮನೆಯವೇ ಮಾಡಿಕೊಂಡೆವು. ದಾಳ ಎಲ್ಲರ ಕಣ್ಣೆದುರೇ ಬೀಳಬೇಕು. ಮಂಡಕ್ಕಿ, ಮಿರ್ಚಿ ತಿಂದ ಎಣ್ಣೆಗೈಯಲ್ಲಿ ಅದನ್ನು ಮುಟ್ಟಬಾರದು. ಇದು ನನ್ನ ಹೆಂಡತಿಯ ಕಟ್ಟಪ್ಪಣೆ. ಸತ್ತ ಪಾತ್ರ ಸತ್ತಂತೆಯೇ, ಯಾವ ಮಂತ್ರಕ್ಕೂ ವಾಪಸ್ಸಿಲ್ಲ. ಇದಕ್ಕೆ ಅಕ್ಕ ಒಂದು ಸೇರಿಸಿದರು. ನನ್ನ ಮೊದಲ ಕತ್ತಿವೀರ ಗುಂಡಿಗೆ ಬಿದ್ದು ಸತ್ತಾಗ ನಾನು ನಗುತ್ತಾ ಇನ್ನೊಂದು ಪಾತ್ರ ಬರೆದುಕೊಳ್ಳಲು ಹೊಸ ಹಾಳೆ ಎಳೆದುಕೊಂಡೆ. ಅಕ್ಕ ನನ್ನ ಕೈ ಹಿಡಿದರು.

"ತಡಿಯಪ್ಪಾ. ಇಷ್ಟು ದಿನ ನಮ್ ಜೊತೆ ನಡೆದಾನೆ. ಒಬ್ಬೊಬ್ರು ಒಂದೊಂದು ಮಾತಾಡಿ ಕಳಿಸಾಣ."

ಅಂದಿನಿಂದ ಅದೂ ನಿಯಮವಾಯಿತು.

ನನ್ನ ಹೆಂಡತಿಯದು ಕಳ್ಳಿಯ ಪಾತ್ರ. ಒಬ್ಬೊಬ್ಬರಿಗೆ ಎಷ್ಟು ಜೀವ ಅನ್ನುವುದನ್ನೂ ದಾಳವೇ ಹೇಳುತ್ತಿತ್ತು. ಅವಳಿಗೆ ಬಿದ್ದದ್ದು ಒಂದು. ಇಲಿ ಕಚ್ಚಿದರೂ ಹೋಗುವ ಜೀವ.

"ಇನ್ನೊಂದ್ಸಲ ಹಾಕು ತಂಗಿ, ಪರವಾಗಿಲ್ಲ" ಅಂದ ಗೆಳೆಯ.

"ಬ್ಯಾಡಣ್ಣ. ಹೆಂಗೆ ಉಳಿಸ್ಕೊಂತೀನಿ ನೋಡ್ತಿರು."

ಉಳಿಸಿಕೊಂಡಳು. ಕೋಲಿನಿಂದ ನೆಲ ತಟ್ಟಿ ನೋಡದೆ ಹೆಜ್ಜೆ ಇಡುತ್ತಿರಲಿಲ್ಲ. ರಾಕ್ಷಸ ಎದುರಾದರೆ ಮಾತಿಗೆ ಕೂರಿಸುತ್ತಿದ್ದಳು. ನನ್ನ ವೀರರು ಸಾಲಾಗಿ ಸತ್ತರು, ಆ ಒಂದು ಜೀವದ ಕಳ್ಳಿ ವರ್ಷ ದಾಟಿದಳು.

ಆ ಹೊತ್ತಿಗೆ ನನ್ನ ಹೆಂಡತಿ ಬಸುರಿಯಾಗಿದ್ದಳು. ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ, "ಯಾಕೋ ಇವತ್ತು ಅಲುಗಾಡ್ತಿಲ್ಲ ರೀ" ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡುತ್ತಾ ಮಾಡುತ್ತಾ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮರುದಿನ ಹೆರಿಗೆಯಾಯಿತು. ಹೆಣ್ಣು. ಉಸಿರಿರಲಿಲ್ಲ.

"ತಾಯಿಗೆ ತೋರಿಸಬ್ಯಾಡ್ರಿ, ಮನಸ್ಸಿಗೆ ಹಚ್ಕೊಂತಾಳೆ" ಅಂದರು ಹಿರಿಯರು. ಅವಳು ಇನ್ನೂ ಮಂಪರಿನಲ್ಲಿದ್ದಳು. ನಾನೂ ನನ್ನ ಚಿಕ್ಕಪ್ಪನೂ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕುಕ್ಕುವಾಡದ ನಮ್ಮ ಹೊಲಕ್ಕೆ ಹೋಗಿ ಬದುವಿನ ಬೇವಿನ ಮರದ ಕೆಳಗೆ ಮಣ್ಣು ಮಾಡಿ ಬಂದೆವು.

ಮನೆಗೆ ಬಂದವರೆಲ್ಲರದೂ ಒಂದೇ ಮಾತು: "ಅಳಬ್ಯಾಡವ್ವ, ವಯಸ್ಸೈತೆ, ಇನ್ನೊಂದಾಗುತ್ತೆ." ಅವಳು ಅಳಲಿಲ್ಲ. ಎದೆಹಾಲು ಬತ್ತಲು ಮಾತ್ರೆ ನುಂಗಿದಳು. ಪಾಠ ಮಾಡುವ ಶಾಲೆಗೆ ವಾಪಸ್ಸು ಹೋದಳು. ನನ್ನನ್ನು ಏನೂ ಕೇಳಲಿಲ್ಲ. ನಾನಾಗಿ ಹೇಳಲು ಬಾಯಿ ಬರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಅವಳೇ ಅಂದಳು: "ಅಣ್ಣಂಗೆ, ಅಕ್ಕಂಗೆ ಬರಕ್ಕೆ ಹೇಳ್ರಿ. ಆಡಾಣ."

ಆ ಭಾನುವಾರ ಎಲ್ಲರೂ ಜೋರಾಗಿ ಮಾತಾಡಿದೆವು, ಸುಮ್ಮನಿರಲು ಭಯವಾಗಿ. ಸುರಂಗದಲ್ಲಿ ಜೇಡವೊಂದು ಕಳ್ಳಿಯ ಕೈಗೆ ಕಚ್ಚಿತು. ಗೆಳೆಯ ನಮ್ಮ ಮುಖ ನೋಡದೆ, "ಕಳ್ಳಿ ಮೂರ್ಛೆ ಹೋದ್ಲು, ಅಷ್ಟೆ. ಇವತ್ತಿಂದ ಹೊಸ ನಿಯಮ. ಯಾರೂ ಸಾಯಂಗಿಲ್ಲ" ಅಂದ.

"ಯಾರಿಗೋಸ್ಕರ ಅಣ್ಣಾ ಈ ನಿಯಮ?"

ಅವನು ದಾಳವನ್ನು ತನ್ನ ಕಡೆ ಎಳೆದುಕೊಂಡ.

"ವಿಷ ಏರ್ತೋ ಇಲ್ವೋ, ದಾಳ ಹಾಕ್ಬೇಕು. ಕೊಡಿಲ್ಲಿ."

ಅವಳೇ ಎಸೆದಳು. ಮೇಜಿನ ಅಂಚಿನವರೆಗೂ ಉರುಳಿ ನಿಂತಿತು. ನಾವು ಬಗ್ಗಿ ನೋಡುವ ಮೊದಲೇ ಅವಳು ಹೇಳಿದಳು: "ಸತ್ಲು."

ನಿಯಮದಂತೆ ಅಕ್ಕ ಶುರು ಮಾಡಿದರು. "ನಾವೆಲ್ಲ ಓಡೋವಾಗ ಅವಳು ನಿಂತು ರಾಕ್ಷಸರ ಮಾತು ಕೇಳಿಸ್ಕೊಂತಿದ್ಲು." ನಾನು ಅವಳ ಕೋಲಿನ ಬಗ್ಗೆ ಏನೋ ಅಂದೆ. ಗೆಳೆಯ ಕೈ ಮುಗಿದುಬಿಟ್ಟ. ಕೊನೆಗೆ ನನ್ನ ಹೆಂಡತಿಯ ಸರದಿ.

"ಕುಕ್ಕರ್ ಕೂಗಿದ್ರೆ ಒದೀತಿದ್ಲು" ಅಂದಳು. "ಎಡಕ್ಕೆ ಮಲಗಿದ್ರೆ ಸುಮ್ನಿರ್ತಿದ್ಲು. ಬಲಕ್ಕೆ ಹೊರಳಿದ್ರೆ ನನ್ ಜೊತೆ ಜಗಳ."

ಅವಳು ಕಳ್ಳಿಯ ಬಗ್ಗೆ ಹೇಳುತ್ತಿಲ್ಲ ಎಂದು ನಮಗೆ ಗೊತ್ತಾಯಿತು. ಅಕ್ಕ ಎದ್ದು ಬಂದು ಅವಳ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟರು.

"ನನ್ ಮಗಳಿಗೆ ಯಾರೂ ಒಂದು ಮಾತೂ ಆಡ್ಲಿಲ್ಲ ಅಕ್ಕಾ. ಇರ್ಲೇ ಇಲ್ಲ ಅನ್ನಂಗೆ ಮಾಡಿಬಿಟ್ರು." ನನ್ನ ಕಡೆ ತಿರುಗಿದಳು. "ನೀವು ನೋಡೀರಲ್ಲ. ಹೆಂಗಿದ್ಲು?"

"ತಲೆ ತುಂಬ ಕೂದ್ಲು" ಅಂದೆ. "ಹಣೆ ನಿಂದೇ. ಬಲಗೈ ಗಟ್ಟಿಯಾಗಿ ಮುಚ್ಕೊಂಡಿತ್ತು. ಒಂದ್ಸಲ ಬೆರಳು ಬಿಡಿಸಿ ಹಿಡ್ಕೋಬೇಕು ಅನ್ನಿಸ್ತು. ಆಗ್ಲಿಲ್ಲ."

ಆಗ ಅವಳು ಅತ್ತಳು. ಪಕ್ಕದ ಮನೆಯವರು ಹೊರಗೆ ಬಂದು ನಿಲ್ಲುವಷ್ಟು ಜೋರಾಗಿ ಅತ್ತಳು. ಯಾರೂ ಸುಮ್ಮನಾಗು ಅನ್ನಲಿಲ್ಲ. ಗೆಳೆಯ ಎದ್ದುಹೋಗಿ ಬಾಗಿಲಲ್ಲಿ ನಿಂತ, ಯಾರೂ ಒಳಗೆ ಬರದಂತೆ.

ಮರುದಿನ ಅವಳನ್ನು ಕುಕ್ಕುವಾಡಕ್ಕೆ ಕರೆದುಕೊಂಡು ಹೋದೆ. ನಾಲೆಗೆ ನೀರು ಬಿಟ್ಟಿದ್ದರು, ಗದ್ದೆ ನಾಟಿಯಾಗಿತ್ತು. ಬೇವಿನ ಬುಡದಲ್ಲಿ ಜಾಗ ತೋರಿಸಿದೆ. ಚಿಕ್ಕಪ್ಪ ದೂರದಲ್ಲೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿಂತರು. ಅವಳು ಮಣ್ಣಿನ ಮೇಲೆ ಅಂಗೈ ಇಟ್ಟು ಬಿಸಿಲು ಏರುವವರೆಗೂ ಕೂತಿದ್ದಳು.

ಆಮೇಲೆ ನಾವು ಆಡಲಿಲ್ಲ. ಗೆಳೆಯ, ಅಕ್ಕ ಈಗಲೂ ಬರುತ್ತಾರೆ, ಉಂಡು ಮಾತಾಡಿ ಹೋಗುತ್ತಾರೆ. ನಮಗೆ ಇನ್ನೊಂದು ಮಗುವಾಗಲಿಲ್ಲ.

ಹೋದ ಜೂನ್‌ನಲ್ಲಿ ಶಾಲೆಯವರು ಅವಳಿಗೆ ಒಂದನೇ ತರಗತಿ ಕೊಟ್ಟರು. ನಮ್ಮ ಮಗಳು ಇದ್ದಿದ್ದರೆ ಅದೇ ತರಗತಿಯಲ್ಲಿರುತ್ತಿದ್ದಳು. ಮೊದಲ ದಿನ ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಅಡಿಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು.

"ಬೇರೆ ತರಗತಿ ಕೇಳಬಾರ್ದಾ?" ಅಂದೆ.

"ಬ್ಯಾಡ." ಸೆರಗಿಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಅಂದಳು: "ತಾಯಂದಿರೆಲ್ಲ ಗೇಟಿನ ಹೊರಗಡೆ ಕಣ್ಣೀರು ಹಾಕ್ಕೊಂಡು ನಿಂತಿದ್ರು ರೀ. ನಾನು ಒಳಗಡೆ ಮಕ್ಕಳ ಜೊತೆ ಇದ್ದೆ."